ಮುಳ್ಳಗಸಿಯ ಕೊನೆಯ ರೀಲು

ದೇವದುರ್ಗದ ವಾಚನಾಲಯದಲ್ಲಿದ್ದ ‘ಮುಳ್ಳಗಸಿ’ ಕಾದಂಬರಿಯ ಕೊನೆಯ ಹದಿನಾರು ಪುಟಗಳನ್ನು ಯಾರೋ ಹರಿದುಕೊಂಡು ಹೋಗಿದ್ದರು.

ಇದು ದರ್ಜಿ ಬಂದೇನವಾಜನಿಗೆ ಗೊತ್ತಾಗಿದ್ದು ಗಟ್ಟಿಯಾಗಿ ಓದುತ್ತಿದ್ದಾಗ, ಒಂಬತ್ತು ಮಂದಿ ಹೆಂಗಸರ ಎದುರಿಗೆ.

ಸೋಮವಾರ ಸಂಜೆ ಅವನ ಅಂಗಡಿಯಲ್ಲಿ ಓದು ನಡೆಯುತ್ತಿತ್ತು. ಹನುಮಂತ್ರಾಯ ಮಾಸ್ತರರು ಕಟ್ಟಿದ ಓದುಗರ ಬಳಗ ಅದು. ಓದು ಬಲ್ಲವರು ಹೇಗಾದರೂ ಓದಿಕೊಳ್ಳುತ್ತಾರೆ, ಪುಸ್ತಕ ಹೋಗಬೇಕಾದದ್ದು ಅಕ್ಷರದಿಂದ ದೂರ ಉಳಿದವರ ಹತ್ತಿರ ಎಂಬುದು ಮಾಸ್ತರರ ವಾದ. ಬಂದೇನವಾಜನ ಅಂಗಡಿಗೆ ಕಾಜ ಹಾಕಲು, ಗುಂಡಿ ಹಚ್ಚಲು, ಅಂಚು ಹೊಲಿಯಲು ಹೆಂಗಸರು ಬರುತ್ತಿದ್ದರು. ಅವರ ಕೈಗೆ ಕೆಲಸವಿತ್ತು, ಕಿವಿಗೆ ಬಿಡುವಿತ್ತು. ಏಳನೆಯ ಇಯತ್ತೆ ಮುಗಿಸಿದ ಬಂದೇನವಾಜನಿಗೆ ಕಂಚಿನಂಥ ದನಿ ಇತ್ತು. ಮಾಸ್ತರರು ಪುಸ್ತಕ ತಂದು ಅವನ ಕೈಗಿಟ್ಟರು. ಜೊತೆಗೆ ಒಂದು ಎಚ್ಚರಿಕೆಯನ್ನೂ ಇಟ್ಟರು.

“ನೋಡೋ, ಈ ತಾಲೂಕಿನಾಗ ಅರ್ಧ ಹೊಲ ಕೈ ಬದಲಾಗಿದ್ದು ಸುಳ್ಳು ಓದಿ ಹೇಳಿದ್ದಕ್ಕ. ಓದಾಕ ಬರಲಾರದವ್ರ ಮುಂದ ಕಾಗದದಾಗ ಇಲ್ಲದ್ದನ್ನ ಓದೋನು ನಮ್ಮ ಬಳಗದಾಗ ಇರಂಗಿಲ್ಲ. ತಿಳೀತಿಲ್ಲೋ?”

“ತಿಳೀತ್ರಿ ಸರ,” ಎಂದಿದ್ದ ಬಂದೇನವಾಜ. ಮೂರು ತಿಂಗಳು ಒಂದಕ್ಷರ ಹೆಚ್ಚಿಲ್ಲದೆ, ಒಂದಕ್ಷರ ಕಡಿಮೆಯಿಲ್ಲದೆ ಓದಿದ್ದ. ಕುರುಬರ ವಿಧವೆ ಬೂದೆಮ್ಮ, ಮುಳ್ಳಿನ ಅಗಸಿಬಾಗಿಲ ಒಳಗಿನ ಅವಳ ಕುರಿಹಟ್ಟಿ, ಆ ಹಟ್ಟಿಯ ಜಾಗದ ಮೇಲೆ ಕಣ್ಣಿಟ್ಟ ಗೌಡ — ಎಲ್ಲರೂ ಆ ಅಂಗಡಿಯೊಳಗೇ ಬಂದು ಕೂತುಬಿಟ್ಟಿದ್ದರು. ಗೌಡನ ಹೆಸರು ಬಂದಾಗೆಲ್ಲ ಸೂಜಿಗಳು ಬಟ್ಟೆಗೆ ಜೋರಾಗಿ ಚುಚ್ಚುತ್ತಿದ್ದವು. ಒಮ್ಮೆ ತಹಸೀಲ್ದಾರರ ಗುಮಾಸ್ತನ ಅಂಗಿಯ ಕಾಜಗಳು ಸಿಟ್ಟಿನಲ್ಲಿ ರೂಪಾಯಿಯಷ್ಟು ಅಗಲವಾಗಿಬಿಟ್ಟಿದ್ದವು.

ಆಮೇಲೆ ಆ ಪುಟ ಬಂತು. ಚಾವಡಿಯಲ್ಲಿ ಗೌಡ ಕಾಗದವನ್ನು ಮುಂದೆ ಸರಿಸಿದ, ಹೆಬ್ಬೆಟ್ಟು ಒತ್ತಲು ಮಸಿ ತರಿಸಿದ. ‘ಬೂದೆಮ್ಮ ಕೈ ಚಾಚಿದಳು.’ ಬಂದೇನವಾಜ ಹಾಳೆ ಮಗುಚಿದ. ಮುಂದೆ ರಟ್ಟಿತ್ತು. ರಟ್ಟಿನ ಮೇಲೆ, ‘ಪುಸ್ತಕಗಳನ್ನು ಸ್ವಚ್ಛವಾಗಿ ಇಟ್ಟುಕೊಳ್ಳತಕ್ಕದ್ದು’ ಎಂಬ ವಾಚನಾಲಯದ ಚೀಟಿ.

“ಮುಂದ?” ಎಂದಳು ಕರೆಮ್ಮ. ಐವತ್ತು ದಾಟಿದ ಹೆಂಗಸು, ಕುರಿಹಟ್ಟಿಯಲ್ಲೇ ಹುಟ್ಟಿ ಬೆಳೆದವಳು. ಕಾಜ ಹಾಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳ ಸೂಜಿ ಗಾಳಿಯಲ್ಲೇ ನಿಂತಿತ್ತು. ಉಳಿದ ಎಂಟು ಸೂಜಿಗಳೂ ನಿಂತವು.

ಹರಿದಿದೆ ಎಂದು ಹೇಳಬಹುದಿತ್ತು. ಆದರೆ ಒಂಬತ್ತು ಸೂಜಿಗಳು ತನ್ನತ್ತ ತಿರುಗಿ ನಿಂತಾಗ ಯಾವ ಗಂಡಸಿಗೆ ಸತ್ಯ ಹೊಳೆದೀತು? ಬಂದೇನವಾಜ ರಟ್ಟನ್ನು ನೋಡುತ್ತ ಬಾಯಿ ತೆರೆದ. ಬೂದೆಮ್ಮ ಕಾಗದವನ್ನು ಹರಿದು ಒಗೆದಳು. ಮುಂದಿನ ಸೋಮವಾರ ಗೌಡ ರಾಯಚೂರಿನ ಜೈಲಿಗೆ ಹೋದ. ಅದರ ಮುಂದಿನ ಸೋಮವಾರ ಬೂದೆಮ್ಮನಿಗೆ ಸರಕಾರದಿಂದ ಆರು ಎಕರೆ ಹೊಲ, ಎರಡು ಎಮ್ಮೆ ಬಂದು, ಕತೆಯಲ್ಲೇ ಬರುವ ಸಾಲೆಯ ಮಾಸ್ತರನ ಜೊತೆ ಮದುವೆಯೂ ಆಗಿಹೋಯಿತು. ಊಟಕ್ಕೆ ಏನಿತ್ತೆಂದು ಯಾರೋ ಕೇಳಿದರು. ಹೋಳಿಗೆ ಎಂದು ರಟ್ಟು ನೋಡಿಯೇ ಓದಿದ. ಆ ಮೂರು ವಾರ ಮಾಸ್ತರರು ಪರೀಕ್ಷೆಯ ಕೆಲಸಕ್ಕೆಂದು ಮಾನ್ವಿಗೆ ಹೋಗಿದ್ದರು. ಬಂದೇನವಾಜ ಪುಸ್ತಕವನ್ನು ವಾಚನಾಲಯಕ್ಕೆ ಹಿಂತಿರುಗಿಸಿ, ಕಪಾಟಿನ ಹಿಂದಿನ ಸಾಲಿನಲ್ಲಿ ಬೇರೆ ಪುಸ್ತಕಗಳ ಬೆನ್ನಿಗೆ ತುರುಕಿ ಬಂದ.

ಆರು ತಿಂಗಳು ಸುಖವಾಗಿ ಕಳೆದವು. ಎಪ್ಪತ್ತೊಂಬತ್ತನೆಯ ಇಸವಿಯ ಒಂದು ಭಾನುವಾರ ಬೆಳಿಗ್ಗೆ ಬಜಾರಿನಲ್ಲಿ ಟಾಂಗಾ ಒಂದು ತುತ್ತೂರಿ ಕಟ್ಟಿಕೊಂಡು ಬಂತು.

“ಪ್ರಖ್ಯಾತ ಕಾದಂಬರಿ ಮುಳ್ಳಗಸಿ! ಈಗ ಬೆಳ್ಳಿ ಪರದೆಯ ಮೇಲೆ! ಇಂದು ಮಧ್ಯಾಹ್ನ, ಒಂದೇ ಒಂದು ಆಟ!”

ಬಂದೇನವಾಜನ ಕೈಯ ಕತ್ತರಿ ಅಳತೆಯ ಗುರುತು ಬಿಟ್ಟು ಹಾದಿ ತಪ್ಪಿದ ಎಮ್ಮೆಯ ಹಾಗೆ ಎಲ್ಲೋ ಹೋಯಿತು. ಯಾರದೋ ತುಂಬುತೋಳಿನ ಅಂಗಿ ಅರೆತೋಳಿನದಾಯಿತು.

ಪಕ್ಕದ ಮಿರ್ಚಿ ಭಜಿ ಅಂಗಡಿಯ ಸೂಗಮ್ಮ, ಸೋಮವಾರದ ಒಂಬತ್ತು ಮಂದಿಯಲ್ಲಿ ಒಬ್ಬಳು, ಹಿಟ್ಟಿನ ಕೈಯಲ್ಲೇ ಓಡಿಬಂದಳು. “ಕೇಳಿದೇನು ಅಣ್ಣಾ? ನಮ್ಮ ಬೂದೆಮ್ಮ ಬಂದಾಳ! ನಾ ಇವತ್ತ್ ಒಲಿ ಆರಿಸಿ ಹೊಂಟೀನಿ. ಆ ಗೌಡನ್ನ ಜೈಲಿಗೆ ಒಯ್ಯೋದು ಕಣ್ಣಾರೆ ನೋಡಬೇಕು.”

“ಪಿಚ್ಚರ್ ಚಲೋ ಇಲ್ಲಂತವ್ವ,” ಎಂದ ಬಂದೇನವಾಜ. “ಹಾಡಿಲ್ಲ, ಕುಣಿತಿಲ್ಲ, ಬಡಿದಾಟಿಲ್ಲ.”

“ಬೂದೆಮ್ಮ ಹಾಡಿ ಕುಣದ್ರ ನಾನೇ ಎದ್ದು ಬರ್ತೀನಿ, ಬಿಡು.”

“ಆ ತಗಡಿನ ಟಾಕೀಜಿನಾಗ ತಗಣಿ ಭಾಳ ಅವ.”

“ನಮ್ಮ ಮನ್ಯಾಗಿನವು ಏನು ಉಪಾಸ ಮಾಡ್ತಾವೇನು?”

ಅಷ್ಟರಲ್ಲಿ ಹನುಮಂತ್ರಾಯ ಮಾಸ್ತರರು ಇಸ್ತ್ರಿ ಮಾಡಿದ ಧೋತರದಲ್ಲಿ, ಗೆದ್ದ ಮುಖದಲ್ಲಿ ಬಂದರು. ಈ ಒಂದು ಆಟಕ್ಕಾಗಿ ಅವರು ಟಾಕೀಜಿನ ಮ್ಯಾನೇಜರ್ ಮಾಳಿಂಗಪ್ಪನ ಬೆನ್ನು ಬಿದ್ದು ಒಂದು ತಿಂಗಳಾಗಿತ್ತು. ಪ್ರಿಂಟು ಇವತ್ತು ಮಧ್ಯಾಹ್ನ ದೇವದುರ್ಗದಲ್ಲಿ ಓಡಬೇಕು, ಸಂಜೆ ಮಾನ್ವಿಯಲ್ಲಿ ಓಡಬೇಕು, ನಾಳೆ ಬೆಳಿಗ್ಗೆ ರಾಯಚೂರಿಗೆ ಮರಳಬೇಕು.

“ಬಂದೇನವಾಜ್, ಇಡೀ ಬಳಗ ಬರ್ತದ. ಪಿಚ್ಚರ್ ಮುಗಿದ ಮ್ಯಾಲ ನೀ ಎದ್ದು ನಿಂತು ಮಾತಾಡಬೇಕು. ಪುಸ್ತಕ ಹೆಚ್ಚೋ, ಪಿಚ್ಚರ್ ಹೆಚ್ಚೋ? ಕೊನೀದು ಹ್ಯಾಂಗ ತಗದಾರ? ಹತ್ತು ಮಿನಿಟು.”

ಬಂದೇನವಾಜ ಅರೆತೋಳಾದ ಅಂಗಿಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಉಪಾಯವಾಗಿ ಕೇಳಿದ: “ಸರ, ನೀವು ಪುಸ್ತಕ ಓದೀರಿ. ಆ ಕೊನಿ ನಿಮಗ ಹ್ಯಾಂಗನಸ್ತ್ರಿ?”

ಮಾಸ್ತರರು ಆಕಾಶ ನೋಡಿದರು. “ಆ ಕೊನಿ! ಅದು ಹೇಳೋ ಮಾತಲ್ಲೋ. ಅನುಭವಿಸಬೇಕು.”

“ಆದರೂ, ಒಂದೆರಡು ಮಾತಿನಾಗ…”

“ಒಂದೆರಡು ಮಾತಿನಾಗ ಹೇಳೋ ಹಂಗಿದ್ರ ಕಾದಂಬರಿ ಯಾಕ ಬರೀತಿದ್ರೋ?” ಎಂದು ಅವರು ಛತ್ರಿ ಬಿಚ್ಚಿಕೊಂಡು ಹೊರಟೇಬಿಟ್ಟರು.

ಉಳಿದದ್ದು ಒಂದೇ ದಾರಿ. ಟಾಕೀಜಿನ ಆಪರೇಟರ್ ಗುಲಾಮ್ ದಸ್ತಗೀರ್, ಬಂದೇನವಾಜನ ಹೆಂಡತಿಯ ತಮ್ಮ. ಬಂದೇನವಾಜ ಹೋದಾಗ ಅವನು ಮಷೀನಿಗೆ ಎಣ್ಣೆ ಬಿಡುತ್ತಿದ್ದ. ಕ್ಯಾಬಿನ್ ಒಳಗಡೆ ರೊಟ್ಟಿ ಹೆಂಚಿನಂತೆ ಕಾದಿತ್ತು.

“ಭಾಯಿ, ಬೆಳಿಗ್ಗೆ ಮಷೀನ್ ಸರಿ ಅದನೋ ಇಲ್ಲೋ ಅಂತ ಆರನೇ ರೀಲ್ ಹಾಕಿ ನೋಡಿದ್ನಿ,” ಎಂದ ದಸ್ತಗೀರ್. “ಬೀಡಿ ಹಚ್ಚೋದು ಮರತೆ. ಇಂಥ ಪಿಚ್ಚರ್ ಈ ತಗಡಿನಾಗ ಬಂದಿದ್ದಿಲ್ಲ.”

“ಕೊನಿ ಹ್ಯಾಂಗ ಅದ? ಅದು ಹೇಳು.”

“ಕೊನಿ ನನಗೇನು ಗೊತ್ತು? ನಲವತ್ತು ಪಿಚ್ಚರ್ ಓಡಿಸೀನಿ, ಒಂದರ ಕೊನಿ ನೋಡಿಲ್ಲ. ಕೊನೇ ರೀಲ್ ಓಡೋವಾಗ ಉಳದ ರೀಲ್ ಸುತ್ತಬೇಕು, ಡಬ್ಬಿಗೆ ಹಾಕಬೇಕು, ಬಸ್ಸಿಗೆ ಕಳಿಸಬೇಕು. ಹೀರೋ ಸತ್ತನೋ ಬದುಕಿದನೋ ನನಗ ಜನ ಹೊರಗ ಬರೋವಾಗ ಅವ್ರ ಮಾರಿ ನೋಡಿ ಗೊತ್ತಾಗ್ತದ.”

ಬಂದೇನವಾಜ ಸುತ್ತಮುತ್ತ ನೋಡಿ, ದನಿ ತಗ್ಗಿಸಿ, ರಟ್ಟು ಓದಿದ ಕತೆ ಪೂರ್ತಿ ಹೇಳಿದ. ಹೋಳಿಗೆಯನ್ನೂ ಬಿಡಲಿಲ್ಲ. ದಸ್ತಗೀರ್ ನಕ್ಕು ನಕ್ಕು ಎಣ್ಣೆಯ ಡಬ್ಬಿ ಉರುಳಿಸಿದ.

“ನಗಬ್ಯಾಡೋ. ಒಂದ್ ಕೆಲಸ ಮಾಡು. ಹದಿಮೂರನೇ ರೀಲ್, ಆ ಕೊನೇದು, ತೋರಿಸಬ್ಯಾಡ. ಹಾದಿಯೊಳಗ ತಪ್ಪಿ ಹೋಗ್ಯಾದ ಅನ್ನು.”

“ನಕೋ ಭಾಯಿ, ಬ್ಯಾಡ! ಅದು ಪಾಪ.”

“ಕರೆಮ್ಮವ್ವ ಮೊನ್ನಿ ಊರ ಮುಂದ ಏನಂದ್ಲು ಗೊತ್ತೇನು? ‘ಬಂದೇನಾಜ ಓದಿದ್ರ ಪುಸ್ತಕನೇ ಬಾಯಿ ಬಿಟ್ಟು ಮಾತಾಡಿದಾಂಗ’ ಅಂದ್ಲು. ಇವತ್ತ್ ನಾ ಸುಳ್ಳ ಓದೀನಿ ಅಂತ ಗೊತ್ತಾದ್ರ ನಾ ಆಕಿ ಮುಂದ ಹ್ಯಾಂಗ ನಿಲ್ಲಲಿ? ನನ್ನ ಕೈಗೆ ಇನ್ನ ಯಾರು ಪುಸ್ತಕ ಕೊಡ್ತಾರ? ಬಟ್ಟಿ ಹೊಲಿಯೋರು ಊರ ತುಂಬ ಅದಾರ. ಓದೋನು ನಾ ಒಬ್ನೇ.”

ಅವನ ಕಣ್ಣು ತುಂಬಿದವು. ದಸ್ತಗೀರ್ ನಗುವುದನ್ನು ಬಿಟ್ಟ. ಮಧ್ಯಂತರದ ಹೊತ್ತಿಗೆ ಮೊದಲ ಅರ್ಧದ ರೀಲುಗಳ ಡಬ್ಬಿ ನಾಲ್ಕು ಗಂಟೆಯ ಬಸ್ಸಿಗೆ ಮಾನ್ವಿಗೆ ಹೋಗುವುದಿತ್ತು. ಉಳಿದವು ಐದೂವರೆಯ ಬಸ್ಸಿಗೆ. ಹದಿಮೂರನೆಯದನ್ನು ನಾಲ್ಕರ ಡಬ್ಬಿಯಲ್ಲೇ ‘ಮರೆತು’ ಹಾಕಿಬಿಡುವುದೆಂದು ಮಾತಾಯಿತು.

ಎರಡು ಗಂಟೆಗೆ ತಗಡಿನ ಟಾಕೀಜು ತುಂಬಿತು. ಹೆಂಗಸರ ಭಾಗದ ಮುಂದಿನ ಸಾಲಿನಲ್ಲಿ ಕಾಜದ ಒಂಬತ್ತು ಮಂದಿ, ಸೆರಗಿನಲ್ಲಿ ಮಂಡಾಳು-ಮಂಡಕ್ಕಿ ಕಟ್ಟಿಕೊಂಡು. ನಡುವಿನ ಹಗ್ಗದ ಈ ಕಡೆ ಬಂದೇನವಾಜ, ಅವನ ಪಕ್ಕ ಮಾಸ್ತರರು. ಬಂದೇನವಾಜ ಹಗುರಾಗಿದ್ದ. ಪುಸ್ತಕ ಯಾರಿಗೂ ಸಿಗದು, ರೀಲು ಯಾರಿಗೂ ಕಾಣದು. ಕೊನೆಗೆ ತಾನು ಎದ್ದು ನಿಂತು, ಆ ಕೊನೆ ಹೇಳೋ ಮಾತಲ್ಲ, ಅನುಭವಿಸಬೇಕು ಎಂದು ಮಾಸ್ತರರ ಮಾತನ್ನೇ ಒಪ್ಪಿಸಿದರೆ ಕೆಲಸ ಮುಗಿಯಿತು.

ಪರದೆಯ ಮೇಲೆ ಬೆಳಕಾಯಿತು.

ಮುಳ್ಳಿನ ಅಗಸಿಯನ್ನು ಪುಸ್ತಕದಲ್ಲಿ ಎರಡು ಪುಟ ವರ್ಣಿಸಿದ್ದರು. ಬಂದೇನವಾಜ ಅದನ್ನು ಓದುವಾಗ ಎರಡು ಸಲ ನೀರು ಕುಡಿದಿದ್ದ. ಇಲ್ಲಿ ಒಂದು ಮಾತೂ ಇಲ್ಲ. ಹಟ್ಟಿಯ ಒಳಗಿನಿಂದ ನೋಡಿದಂತೆ ಮುಳ್ಳಿನ ನಡುನಡುವೆ ಬೆಳಗಿನ ಬಿಸಿಲು; ಅಗಸಿ ಸರಿಯಿತು; ಕುರಿಗಳು ಒಂದೊಂದಾಗಿ ಹಾಯತೊಡಗಿದವು. ಹಗ್ಗದ ಆಚೆಯಿಂದ ಸಣ್ಣ ದನಿಯಲ್ಲಿ ಎಣಿಕೆ ಕೇಳಿತು. ಕರೆಮ್ಮ ಎಣಿಸುತ್ತಿದ್ದಳು.

“…ಹತ್ತೊಂಬತ್ತು, ಇಪ್ಪತ್ತು… ಇಪ್ಪತ್ತೊಂದನೇದು ಕುಂಟ್ತದ, ನೋಡಿದೇನವ್ವ? ಈ ಪಿಚ್ಚರ್ ತಗದಾಂವ ಕುರಿ ಕಾದಾನ. ಖರೇ ಕಾದಾನ.”

ಬೂದೆಮ್ಮನಾಗಿ ಬಂದವಳು ಚೆಲುವೆಯೇನಲ್ಲ. ಕಪ್ಪಗೆ, ಒಣಗಿದ ತುಟಿ, ಮಣ್ಣು ಮೆತ್ತಿದ ಹಿಮ್ಮಡಿ. ನಾಲ್ಕು ಹೆಜ್ಜೆ ನಡೆದಳು ಅಷ್ಟೇ, ಇಡೀ ಟಾಕೀಜು ಅವಳದಾಯಿತು. ಗಂಡ ಸತ್ತ ಸುದ್ದಿ ಬಂದಾಗ ಅವಳು ಬೀಸುತ್ತಿದ್ದಳು. ಪುಸ್ತಕದಲ್ಲಿ ಅವಳ ದುಃಖ ಒಂದೂವರೆ ಪುಟ ಹರಿದಿತ್ತು. ಇಲ್ಲಿ ಅವಳು ಗೂಟದಿಂದ ಕೈ ತೆಗೆದಳು; ಬೀಸುಕಲ್ಲು ತನ್ನಷ್ಟಕ್ಕೆ ಅರ್ಧ ಸುತ್ತು ತಿರುಗಿ ನಿಂತಿತು. ಅಷ್ಟೇ. ವಾದ್ಯವಿಲ್ಲ, ಅಳುವಿಲ್ಲ. ಆ ಅರ್ಧ ಸುತ್ತಿಗೆ ಗಂಡಸರ ಕಡೆ ಮೂವರು ಮೂಗು ಒರೆಸಿಕೊಂಡರು.

ಸೂಗಮ್ಮ ಹಗ್ಗದ ಮೇಲಿಂದ ಬಾಗಿದಳು. “ಅಣ್ಣಾ, ಬೀಸುಕಲ್ಲು ತಿರಗಿದ್ದು ಪುಸ್ತಕದಾಗಿತ್ತೇನು?”

“ಇದ್ದಿದ್ದಿಲ್ಲವ್ವ.”

“ಇಲ್ಲದಿದ್ರೂ ಖರೇ ಅದ.”

ಬಂದೇನವಾಜ ತಲೆದೂಗಿದ. ಪುಸ್ತಕ ಓದುವಾಗ ತಾನು ಬೂದೆಮ್ಮನ ಬಗ್ಗೆ ಹೇಳುತ್ತಿದ್ದೆ. ಈಗ ಬೂದೆಮ್ಮ ತಾನೇ ಬಂದಿದ್ದಾಳೆ ಅನ್ನಿಸಿತು. ಹಾಗೆಂದು ಪುಸ್ತಕವೇನೂ ಸಣ್ಣದಾಗಲಿಲ್ಲ. ತಿಂಗಳುಗಟ್ಟಲೆ ಓದಿದ್ದಕ್ಕೇ ಆ ಒಂಬತ್ತು ಮಂದಿಗೆ ಪರದೆಯ ಮೇಲಿನ ಒಂದೊಂದು ಮೌನದಲ್ಲೂ ಏನಿದೆ ಎಂದು ಗೊತ್ತಿತ್ತು. ಬೂದೆಮ್ಮ ಸುಮ್ಮನೆ ನಿಂತರೆ ಇವರು ಅವಳ ಮನಸ್ಸಿನ ಮಾತನ್ನು ಸಾಲು ಸಾಲಾಗಿ ಪಿಸುಗುಡುತ್ತಿದ್ದರು, ಬಂದೇನವಾಜನದೇ ಏರಿಳಿತದಲ್ಲಿ. ಮಾಸ್ತರರು ಅವನ ಮೊಣಕೈ ಒತ್ತಿ, “ಕೇಳಿದೇನೋ? ಇದು ನಿನ್ನ ಓದು!” ಎಂದರು. ಅವನ ಎದೆ ಉಬ್ಬಿತು, ಆ ಎದೆಯೊಳಗೇ ಏನೋ ಚುಚ್ಚಿತು.

ಮಧ್ಯಂತರವಾಯಿತು. ಹೊರಗೆ ನಾಲ್ಕರ ಬಸ್ಸು ಹಾರನ್ ಹಾಕಿ ಹೋಯಿತು. ಬಂದೇನವಾಜನಿಗೆ ಅದು ಕೇಳಲೇ ಇಲ್ಲ. ಪರದೆಯ ಮೇಲಿನ ಸಾಲೆಯ ಮಾಸ್ತರ ಬೂದೆಮ್ಮನಿಗೆ ಹೇಳಿದ ಮಾತನ್ನೇ ಅವನು ಮೆಲುಕು ಹಾಕುತ್ತಿದ್ದ.

ಆಟ ಮುಂದುವರಿಯಿತು. ಟಾಕೀಜಿನಲ್ಲಿ ಇದ್ದದ್ದು ಒಂದೇ ಮಷೀನು. ಒಂದು ರೀಲು ಮುಗಿದು ಇನ್ನೊಂದು ಏರುವವರೆಗೆ ಪರದೆ ಬೆಳ್ಳಗಾಗುತ್ತಿತ್ತು. ಆಗೆಲ್ಲ ಜನ ಒಂದೇ ಸಲಕ್ಕೆ ಉಸಿರು ಬಿಟ್ಟು ಮಂಡಾಳು ಮುಕ್ಕುತ್ತಿದ್ದರು. ಹನ್ನೆರಡನೆಯ ರೀಲಿನಲ್ಲಿ ಚಾವಡಿ ಬಂತು. ಗೌಡ ಕಾಗದ ಸರಿಸಿದ. ಮಸಿಯ ಡಬ್ಬಿ ಬಂತು. ಊರ ಲೆಕ್ಕ ಬರೆಯುವ ಪಟವಾರಿ ಕಾಗದವನ್ನು ಗೊಣಗೊಣ ಓದಿದ. ಬೂದೆಮ್ಮ ಮಸಿಯನ್ನು ನೋಡಿದಳು, ಗೌಡನ ಕಾಲಿನ ಮೆಟ್ಟು ನೋಡಿದಳು, ಬಾಗಿಲಾಚೆ ನಿಂತ ಕುಂಟ ಕುರಿಯನ್ನು ನೋಡಿದಳು. ಕೈ ಚಾಚಿದಳು. ಹೆಬ್ಬೆರಳು ಮಸಿಯ ಮೇಲೆ ಇಳಿಯತೊಡಗಿತು, ಇನ್ನೊಂದು ಗೋದಿಕಾಳಿನಷ್ಟು ಅಂತರ…

ಪರದೆ ಬೆಳ್ಳಗಾಯಿತು.

ಪುಸ್ತಕ ಹರಿದವನು ಎಲ್ಲಿ ಕೈ ಹಾಕಿದ್ದನೋ ರೀಲು ಅಲ್ಲಿಗೇ ತುಂಡಾಗಿತ್ತು. ಮತ್ತು ಅದೇ ಕ್ಷಣ ಬಂದೇನವಾಜನಿಗೆ ಸಿಡಿಲು ಬಡಿದಂತೆ ಹೊಳೆಯಿತು: ಮುಂದೇನಾಯಿತೆಂದು ತನಗೆ ಗೊತ್ತಿಲ್ಲ! ಒತ್ತಿದಳೋ? ಬಿಟ್ಟಳೋ? ಆರು ಎಕರೆ, ಎರಡು ಎಮ್ಮೆ ಎಲ್ಲ ಗಾಳಿಗೆ ಹಾರಿದವು. ಆ ಒಣ ತುಟಿಯ ಹೆಂಗಸು ಏನು ಮಾಡಿದಳೆಂದು ತಿಳಿಯದೆ ಇನ್ನೊಂದು ತುತ್ತು ಅನ್ನ ಇಳಿಯುವುದಿಲ್ಲ ಅನ್ನಿಸಿತು. ಅವನು ಎದ್ದು, ಮಾಸ್ತರರ ಕಾಲು ತುಳಿದು, ಬೆಂಚು ಹಾರಿ, ಕ್ಯಾಬಿನ್ನಿನ ಕಬ್ಬಿಣದ ಮೆಟ್ಟಿಲು ಹತ್ತಿದ.

“ದಸ್ತಗೀರ್! ಹಾಕೋ! ಹದಿಮೂರನೇದು ಹಾಕೋ!”

ದಸ್ತಗೀರ್ ಬಾಯಿ ತೆರೆದು ನಿಂತ. “ನೀನೇ ಅಲ್ಲೇನು ಭಾಯಿ ಕಳಸು ಅಂದಾಂವ? ನಾಲ್ಕರ ಬಸ್ಸಿಗೆ ಹೋತಲ್ಲ!”

“ತರಸೋ!”

“ಬಸ್ಸೇನು ಗಾಳಿಪಟ ಏನು, ದಾರ ಜಗ್ಗಾಕ?”

ಕೆಳಗೆ ಗದ್ದಲವೆದ್ದಿತು. ಶಿಳ್ಳೆ, ಬೆಂಚು ಬಡಿತ. “ರೀಲ್! ರೀಲ್!” ಮ್ಯಾನೇಜರ್ ಮಾಳಿಂಗಪ್ಪ ಪಂಜಿನಂಥ ಮುಖ ಮಾಡಿಕೊಂಡು ಬಂದ. ಟಾಕೀಜಿನ ಸಾವಕಾರನ ಎಲ್ಲ ವ್ಯವಹಾರ ಇವನ ಕೈಯಲ್ಲೇ. ಸಾವಕಾರನಿಗೆ ಬಜಾರಿನಲ್ಲಿ ಅಂಗಡಿಗಳ ಸಾಲೊಂದು ಇತ್ತು, ಅದರಲ್ಲಿ ಬಂದೇನವಾಜನದೂ ಒಂದು. ಹೊರಗೆ ಸಂಜೆಯ ಬಡಿದಾಟದ ಪಿಚ್ಚರಿಗೆ ಜನ ಆಗಲೇ ಬಾಗಿಲು ಗುದ್ದುತ್ತಿದ್ದರು.

“ಕೊನೇ ರೀಲ್ ರಾಯಚೂರಿಂದನೇ ಬಂದಿಲ್ಲ. ಮುಗೀತು, ಏಳ್ರಿ!” ಎಂದ ಮಾಳಿಂಗಪ್ಪ.

ಒಬ್ಬರೂ ಏಳಲಿಲ್ಲ. ಮಾಳಿಂಗಪ್ಪನ ಕಣ್ಣಿಗೆ ಕ್ಯಾಬಿನ್ನಿನ ಮೆಟ್ಟಿಲಿಳಿಯುತ್ತಿದ್ದ ಬಂದೇನವಾಜ ಬಿದ್ದ. “ಏ ಟೇಲರ್, ಬಾ ಇಲ್ಲಿ! ನೀ ಪುಸ್ತಕ ಓದಿಯಲ್ಲ, ಕೊನಿ ಹೇಳಿ ಇವ್ರನ್ನ ಎಬ್ಬಿಸು.” ಅವನನ್ನು ಎಳೆದು ಪರದೆಯ ಮುಂದೆ ನಿಲ್ಲಿಸಿದ. ಮಷೀನಿನ ಬೆಳಕು ಮುಖಕ್ಕೇ ಬಡಿಯಿತು. ಬೆಳ್ಳನೆಯ ಪರದೆಯ ಮೇಲೆ ಬಂದೇನವಾಜನ ನೆರಳು ಎರಡಾಳೆತ್ತರ ನಿಂತು ಗಡಗಡ ನಡುಗಿತು.

“ಆಮ್ಯಾಲ… ಬೂದೆಮ್ಮ ಕಾಗದ ಹರದು ಒಗದ್ಲು,” ಎಂದು ಶುರು ಮಾಡಿದ. “ಗೌಡ ಜೈಲಿಗೆ ಹೋದ. ಆರು ಎಕರೆ…”

“ಏ ಯಪ್ಪಾ,” ಎಂದಳು ಕರೆಮ್ಮ, ಕೂತಲ್ಲಿಂದಲೇ. “ಅದು ನಿಂದು. ಅದನ್ನ ಕೇಳೀವಿ. ಪುಸ್ತಕದ್ದು ಹೇಳು.”

ಬೆಂಚು ಬಡಿತ ನಿಂತಿತು. ಬಂದೇನವಾಜನ ನೆರಳೂ ನಡುಗುವುದನ್ನು ನಿಲ್ಲಿಸಿತು.

“ಯವ್ವಾ… ನಿನಗ… ಯಾವಾಗ…”

“ಅವತ್ತೇ. ನಮಗ ಅಕ್ಷರ ಗೊತ್ತಿಲ್ಲ, ಕಣ್ಣು ಗೊತ್ತದ. ಓದೋ ಕಣ್ಣು ಎತ್ತು ಹೊಲ ಉಳುವಾಂಗ ಹೋಗ್ತದ. ಈ ದಂಡಿಂದ ಆ ದಂಡಿಗೆ, ಹೊಳ್ಳಿ ಮತ್ತ ಈ ದಂಡಿಗೆ. ಆ ಮೂರು ಸೋಮಾರ ನಿನ್ನ ಕಣ್ಣು ಗೂಟಕ್ಕ ಕಟ್ಟಿದ ಹೋತಿನಂಗ ಒಂದೇ ಕಡಿ ನಿಂತಿತ್ತು. ಹಾಳಿನೂ ಮಗಚಲಿಲ್ಲ. ನಮ್ಮ ಹಟ್ಟಿ ಜಾಗದ ಕಾಗದ ಓದಿದ ಪಟವಾರಿ ಕಣ್ಣೂ ಹಂಗೇ ನಿಂತಿತ್ತು. ಅವತ್ತ್ ನಾ ಆಂವನ ಬಾಯಿ ನೋಡ್ಕೋತ ಕುಂತಿದ್ನಿ. ಆವಾಗಿಂದ ಯಾರು ಓದಿದ್ರೂ ನಾ ಬಾಯಿ ನೋಡಂಗಿಲ್ಲ.”

“ಮತ್ತ… ಯಾಕ ಸುಮ್ಮನಿದ್ರಿ?”

“ನೀ ಪಾಪ ಬೆವರಾಕತ್ತಿದ್ದಿ,” ಎಂದಳು ಸೂಗಮ್ಮ. “ಹೋಳಿಗಿ ನಾನೇ ಕೇಳಿದ್ದು. ಏನ್ ಹೇಳ್ತಿ ನೋಡೂನು ಅಂತ.”

ಒಂಬತ್ತು ಮಂದಿಯೂ ಒಟ್ಟಿಗೆ ನಕ್ಕರು. ಆರು ತಿಂಗಳು ಹಿಡಿದಿಟ್ಟ ನಗು ಅದು. ತಗಡಿನ ಮಾಡು ಗಣಗಣ ಎಂದಿತು. ಬಂದೇನವಾಜನ ಕಿವಿ ಇಸ್ತ್ರಿಪೆಟ್ಟಿಗೆಯಂತೆ ಕಾದವು.

“ಪಟವಾರಿ ಸುಳ್ಳ ಓದಿ ಜಾಗ ಕಸ್ಕೊಂಡ. ನೀ ಸುಳ್ಳ ಓದಿ ಎರಡು ಎಮ್ಮಿ ಕೊಟ್ಟಿ,” ಎಂದಳು ಕರೆಮ್ಮ. ನಗು ನಿಂತಿತ್ತು. “ಆದ್ರೂ ಸುಳ್ಳ ಸುಳ್ಳೇ, ತಮ್ಮಾ. ಆರು ತಿಂಗಳಿಂದ ನಾವು ಕಾಯಾಕತ್ತೀವಿ. ಆಕಿ ಹೆಬ್ಬಟ್ಟು ಒತ್ತಿದಳೋ, ಇಲ್ಲೋ? ಅದನ್ನ ನೋಡಾಕಂತನೇ ಇವತ್ತ್ ಬಂದೀವಿ. ಹೇಳು, ಪುಸ್ತಕದಾಗ ಏನದ?”

“ಗೊತ್ತಿಲ್ಲ ಯವ್ವಾ. ಹದಿನಾರು ಹಾಳಿ ಯಾರೋ ಹರಕೊಂಡು ಹೋಗ್ಯಾರ.”

ಎಲ್ಲರೂ ಮಾಸ್ತರರ ಕಡೆ ತಿರುಗಿದರು. ಮಾಸ್ತರರು ಚಷ್ಮಾ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ನಾನೂ… ಅದೇ ಪ್ರತಿ ಓದೀನಿ,” ಎಂದರು.

“ಅಂದ್ರ ನಿಮಗೂ ಗೊತ್ತಿಲ್ಲೇನ್ರಿ ಸರ? ಅನುಭವಿಸಬೇಕು ಅಂದ್ರಲ್ಲ!” ಎಂದ ಬಂದೇನವಾಜ.

“ಅದಕ್ಕೇ ಅಲ್ಲೇನೋ ಒಂದು ತಿಂಗಳು ಈ ಪಿಚ್ಚರ್ ಬೆನ್ನು ಹತ್ತಿದ್ದು! ಆ ರೀಲ್ ಎಲ್ಲಿ ಹೋತು ಅದನ್ನ ಮೊದಲು ಹೇಳು!”

ಈಗ ಸುಳ್ಳು ಹೇಳಲು ಜಾಗವೇ ಉಳಿದಿರಲಿಲ್ಲ. “ನಾನೇ ಕಳಿಸಿದ್ನಿ ಸರ. ನಾಲ್ಕರ ಬಸ್ಸಿಗೆ. ಮಾನ್ವಿಗೆ,” ಎಂದ ಬಂದೇನವಾಜ, ಪರದೆಯ ಮುಂದೆ ಕುಸಿದು ಕೂತು. “ನಾನೂ ನೋಡಲಿಲ್ಲ.”

ಈ ಸಲ ಯಾರೂ ನಗಲಿಲ್ಲ. ಮಾಸ್ತರರು ಸಿಟ್ಟಿನಿಂದ ಎದ್ದರು. “ಮುಂದಿನ ಸೋಮವಾರದಿಂದ ನೀ ಕೂತು ಕಾಜ ಹಾಕು. ನಾ ಓದ್ತೀನಿ.”

“ಬ್ಯಾಡ್ರಿ ಸರ,” ಎಂದಳು ಸೂಗಮ್ಮ ಗಾಬರಿಯಾಗಿ. “ನೀವು ಓದಿದ್ರ ನಿದ್ದಿ ಬರ್ತದ. ಸೂಜಿ ಕೈಗೆ ಚುಚ್ಕೋತೀವಿ.”

ಮಾಳಿಂಗಪ್ಪನಿಗೆ ಬೇಕಾದದ್ದು ಸಿಕ್ಕಿತ್ತು. ತನ್ನ ಟಾಕೀಜಿನ ತಪ್ಪೇ ಇದು ಎಂದು ಗೊತ್ತಾದರೆ ನಾಳೆ ರಾಯಚೂರಿನ ವಿತರಕರು ಬಿಡುವುದಿಲ್ಲ. ಅವನು ಒಳಗೆ ಹೋಗಿ, ಐದು ನಿಮಿಷದಲ್ಲಿ ಬಿಳಿ ಹಾಳೆಯೊಂದರ ಮೇಲೆ ನಾಲ್ಕು ಸಾಲು ಬರೆದುಕೊಂಡು ಬಂದ. ಇನ್ನೊಂದು ಕೈಯಲ್ಲಿ ಟಿಕೀಟಿಗೆ ಮುದ್ರೆ ಒತ್ತುವ ಮಸಿಯ ಪ್ಯಾಡು.

“ಎಲ್ಲಾರೂ ಇದಕ್ಕ ಹೆಬ್ಬಟ್ಟು ಒತ್ತಿ ಹೊರಗ ನಡೀರಿ. ಸಂಜಿ ಆಟಕ್ಕ ಹೊತ್ತಾತು.”

ಕರೆಮ್ಮ ಎದ್ದು ಬಂದಳು. ಪ್ಯಾಡು ನೋಡಿದಳು, ಹಾಳೆ ನೋಡಿದಳು. “ಏನ್ ಬರದೀರಿ ಇದರಾಗ?”

“ಏನಿಲ್ಲಬೇ. ನೀವು ಬಂದಿದ್ದಿರಿ ಅಂತ, ಹಾಜರಿ.”

“ಬಂದೇನಾಜಾ,” ಎಂದಳು ಕರೆಮ್ಮ ತಿರುಗದೆಯೇ. “ಬಾ, ಓದು.”

ಬಂದೇನವಾಜ ಎದ್ದು ಬಂದ. ತಾನಿನ್ನೂ ಓದುವವನೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ. ಹಾಳೆಯನ್ನು ಕೈಗೆ ತಗೊಂಡ. ಮಷೀನಿನ ಬೆಳಕಿನಲ್ಲಿ ಅಕ್ಷರಗಳು ಸ್ಪಷ್ಟವಾಗಿದ್ದವು: ‘ಈ ಕೆಳಗೆ ಹೆಬ್ಬೆಟ್ಟು ಒತ್ತಿದ ನಾವು ಮುಳ್ಳಗಸಿ ಚಿತ್ರವನ್ನು ಮೊದಲಿನಿಂದ ಕೊನೆಯತನಕ ಪೂರ್ತಿ ನೋಡಿ ಸಂತೋಷಪಟ್ಟಿದ್ದೇವೆ. ನಮ್ಮದು ಯಾವ ತಕರಾರೂ ಇಲ್ಲ.’

ಮಾಳಿಂಗಪ್ಪ ಅವನ ಕಿವಿಗೆ ಬಾಯಿ ತಂದ. ಬೆಳಿಗ್ಗೆ ತಿಂದ ಉಳ್ಳಾಗಡ್ಡಿ ವಾಸನೆ ಬಡಿಯಿತು. “ಹಾಜರಿ ಪಟ್ಟಿ ಅಂತ ಓದು. ಒಂದೇ ಸಾಲು. ನಿನಗೇನು ಹೊಸದಲ್ಲ ಇದು. ಅಂಗಡಿ ಯಾರದು ನೆನಪದ ಅಲ್ಲ? ನಾಳಿ ಬೆಳಿಗ್ಗೆ ನಿನ್ನ ಹೊಲಿಗಿ ಮಷೀನ್ ಬೀದಿಗೆ ಬೀಳ್ತದ, ನೋಡ್ಕೋ.”

ಹೊರಗೆ ಬಾಗಿಲು ಗುದ್ದುವ ಸದ್ದು ಜೋರಾಯಿತು. ಬಂದೇನವಾಜ ತಲೆ ಎತ್ತಿದ. ಕರೆಮ್ಮ ಅವನ ಬಾಯಿಯನ್ನು ನೋಡುತ್ತಿರಲಿಲ್ಲ. ಒಂಬತ್ತು ಮಂದಿಯೂ ಅವನ ಕಣ್ಣನ್ನೇ ನೋಡುತ್ತಿದ್ದರು. ಅವನು ಹಾಳೆಯತ್ತ ಕಣ್ಣಿಳಿಸಿದ. ಮೊದಲ ಸಾಲಿನ ಈ ತುದಿಯಿಂದ ಆ ತುದಿಗೆ ಹೋದ, ಹೊರಳಿ ಎರಡನೆಯ ಸಾಲಿಗೆ ಬಂದ. ಬೆವರು ಮೂಗಿನ ತುದಿಯಿಂದ ಹಾಳೆಯ ಮೇಲೆ ತೊಟ್ಟಿಕ್ಕಿತು.

“ಓದೋ,” ಎಂದ ಮಾಳಿಂಗಪ್ಪ. “ಹಾಜರಿ ಪಟ್ಟಿ ಅನ್ನು!”

“ಹಂಗಂತ ಇದರಾಗ ಬರದಿಲ್ಲರಿ, ಮಾಳಿಂಗಪ್ಪಾರ,” ಎಂದ ಬಂದೇನವಾಜ. “ಕಾಗದದಾಗ ಇಲ್ಲದ್ದನ್ನ ನಾ ಓದಂಗಿಲ್ಲ.”